ಮಿನೆಕೊ ಎಸೆದ ಚೆಂಡು

ಟೋಕಿಯೊ
೧೯೪೯ ಡಿಸೆಂಬರ್ ೩

ಅಣ್ಣಾ,

ಈ ಒಂದು ಪದ ಬರೆದು ಮತ್ತೆ ಮತ್ತೆ ಓದಿಕೊಂಡೆ. ಮೂರು ವರ್ಷದಿಂದ ಇದನ್ನು ನಿನ್ನ ಫೋಟೊದ ಮುಂದೆ ನಿಂತು ಹೇಳಿದ್ದೇನೆಯೇ ಹೊರತು ಕಾಗದದ ಮೇಲೆ ಬರೆದಿರಲಿಲ್ಲ. ಓದುವುದಕ್ಕೆ ಆ ಕಡೆ ಒಬ್ಬ ಮನುಷ್ಯ ಕೂತಿದ್ದಾನೆ ಎಂದು ಇನ್ನೂ ನಂಬಲಾಗುತ್ತಿಲ್ಲ.

ಅಮ್ಮನ ತಂತಿ ನಿನ್ನೆ ಬಂತು. "ಗೆಂಕಿಚಿ ಬಂದ." ಅಷ್ಟೇ. ಸರ್ಕಾರದವರು ಈಗ ನಿನ್ನ ಮೂಳೆ ಕಳಿಸಿದ್ದಾರೆ ಎಂದುಕೊಂಡೆ. ನೀನು ಮಂಚೂರಿಯಾದಲ್ಲಿ ಸತ್ತೆ ಎಂದು ಅವತ್ತು ಅವರು ಕೊಟ್ಟ ಬಿಳಿ ಪೆಟ್ಟಿಗೆಯಲ್ಲಿ ಒಂದು ಕಲ್ಲು ಮಾತ್ರ ಇತ್ತು. ನಾವು ಆ ಕಲ್ಲನ್ನೇ ಹೂತು ಉತ್ತರಕ್ರಿಯೆ ಮಾಡಿದ್ದೆವು. ನಾನು ತಂತಿ ಹಿಡಿದು ಅಳುತ್ತಿದ್ದರೆ ನನ್ನ ಕೋಣೆಯ ಗೆಳತಿ ಫುಮಿ ಅದನ್ನು ಕಿತ್ತುಕೊಂಡು ಓದಿದಳು. "ಮೂಳೆ ಆಗಿದ್ರೆ 'ಬಂತು' ಅಂತಿದ್ರು ಕಣೇ ಪೆದ್ದಿ! ಇಲ್ಲಿ 'ಬಂದ' ಅಂತಿದೆ. ನಿಮ್ಮಣ್ಣ ಬದುಕಿದಾನೆ!"

ಆಮೇಲೆ ನಾವಿಬ್ಬರೂ ಏನು ಮಾಡಿದೆವು ಎಂದು ಬರೆಯುವುದಿಲ್ಲ. ಕೆಳಗಿನ ಕೋಣೆಯವರು ಬಂದು ಬೈದು ಹೋದರು.

ಓಡಿ ಬರಬೇಕು ಎನಿಸುತ್ತಿದೆ, ಆದರೆ ವಸಂತದವರೆಗೆ ಬಿಡುವು ಸಿಗುವುದಿಲ್ಲ. ನಾನೀಗ ಒಂದು ಸಾಬೂನಿನ ಕಂಪನಿಯಲ್ಲಿ ಕೆಲಸಕ್ಕಿದ್ದೇನೆ. ಈಗಷ್ಟೇ ತರಬೇತಿ ಶುರುವಾಗಿದೆ, ಮಧ್ಯದಲ್ಲಿ ಬಿಟ್ಟರೆ ಜಾಗ ಹೋಗುತ್ತದೆ. ಅಣ್ಣಾ, ನೀನು ಹೋಗುವಾಗ ನನಗೆ ಹದಿಮೂರು. ಈಗ ನಿನ್ನ ಕಿವಿಯಷ್ಟು ಎತ್ತರ ಇದ್ದೇನೆ. ಬೇಗ ಬರೆ. ಒಂದೇ ಸಾಲಾದರೂ ಸರಿ.

ನಿನ್ನ ಮಿನೆಕೊ


ಸಾಕಾತಾ
೧೯೪೯ ಡಿಸೆಂಬರ್ ೨೦

ತಂಗಿ ಮಿನೆಕೊಗೆ,

ನಿನ್ನ ಪತ್ರ ತಲುಪಿತು. ಇಲ್ಲಿ ಹಿಮ ಬೀಳತೊಡಗಿದೆ. ಸಮುದ್ರದ ಗಾಳಿ ಜೋರಾಗಿದೆ. ನಾನು ಕ್ಷೇಮ. ಅಕ್ಷರ ಸೊಟ್ಟಗಿರುವುದಕ್ಕೆ ಬೇಸರಪಡಬೇಡ, ಸೈಬೀರಿಯಾದಲ್ಲಿ ರಷ್ಯನ್ನರ ಸೆರೆಯಲ್ಲಿ ಬರೆಯುವ ಕೆಲಸವಿರಲಿಲ್ಲ.

ಹಡಗಿನಿಂದ ಇಳಿದು ರೈಲು ಹಿಡಿದು ಮನೆ ತಲುಪಿದಾಗ ಸಂಜೆ. ಬಾಗಿಲು ತೆಗೆದ ಅಮ್ಮ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು. ದೆವ್ವಕ್ಕೆ ಕಾಲಿರುವುದಿಲ್ಲವಲ್ಲ. ಬಹಳ ಹೊತ್ತು ನೋಡಿ, "ಇದೆ," ಎಂದಳು. ಆಮೇಲೆ, "ಒಳಗ್ ಬಾ, ಚಳಿ ಬರುತ್ತೆ," ಎಂದಳು. ಅಷ್ಟೇ ಮಾತು.

ಒಳಗೆ ದೇವರಗೂಡಿನಲ್ಲಿ ನನ್ನ ಫೋಟೊ, ಸತ್ತ ಮೇಲೆ ನನಗಿಟ್ಟ ಹೆಸರು ಬರೆದ ಹಲಗೆ, ಮುಂದೆ ಬಟ್ಟಲಲ್ಲಿ ಅನ್ನ. ಮನೆಯಲ್ಲಿ ಬೇರೆ ಅನ್ನ ಇರಲಿಲ್ಲ. ಅಮ್ಮ ಅದನ್ನೇ ತೆಗೆದುಕೊಟ್ಟಳು. ನನಗಿಟ್ಟದ್ದನ್ನು ನಾನೇ ತಿಂದೆ. ಊದುಕಡ್ಡಿಯ ವಾಸನೆ ಇತ್ತು.

ಸಾಬೂನಿನ ಕಂಪನಿಯಲ್ಲಿ ನಿನಗೇನು ಕೆಲಸ? ಅಮ್ಮನನ್ನು ಕೇಳಿದರೆ ಎದ್ದು ಪಾತ್ರೆ ತೊಳೆಯಲು ಹೋಗುತ್ತಾಳೆ. ಟೋಕಿಯೊದಲ್ಲಿ ಒಂಟಿ ಹುಡುಗಿಯರ ಪಾಡು ಏನಾಗಿದೆ ಎಂದು ಹಡಗಿನಲ್ಲೇ ಕೇಳಿ ಬಂದಿದ್ದೇನೆ. ನಿಜ ಬರೆ.

ನನ್ನ ಹಳೆಯ ಬೇಸ್‌ಬಾಲ್ ಗ್ಲೌಸು ಮನೆಯಲ್ಲಿ ಕಾಣುತ್ತಿಲ್ಲ. ಕಷ್ಟಕ್ಕೆ ಮಾರಿದ್ದರೆ ಅದೇನೂ ದೊಡ್ಡದಲ್ಲ.

ಅಣ್ಣ


ಟೋಕಿಯೊ
೧೯೫೦ ಜನವರಿ ೬

ಪ್ರೀತಿಯ ಅಣ್ಣಾ,

ಹೊಸ ವರ್ಷದ ಶುಭಾಶಯ. ನೀನು ಊಹಿಸಿದಂಥ ಕೆಲಸ ಅಲ್ಲ, ಆಣೆ ಇಟ್ಟು ಹೇಳುತ್ತೇನೆ. ಬೆಳಿಗ್ಗೆ ಎದ್ದು ಓಡುತ್ತೇವೆ, ಹೊಟ್ಟೆ ತುಂಬ ಬಾರ್ಲಿ ಅನ್ನ ತಿನ್ನುತ್ತೇವೆ, ಕತ್ತಲಾದರೆ ಬಿದ್ದು ನಿದ್ದೆ ಮಾಡುತ್ತೇವೆ. ಸಾಬೂನಿನ ಕಂಪನಿಯಲ್ಲಿ ಓಡುವುದೇಕೆ ಎಂದು ಈಗ ಕೇಳಬೇಡ. ವಸಂತಕ್ಕೆ ನಿನ್ನನ್ನು ಇಲ್ಲಿಗೆ ಕರೆಸಿ ಕಣ್ಣಾರೆ ತೋರಿಸುತ್ತೇನೆ.

ಗ್ಲೌಸು ನನ್ನ ಹತ್ತಿರವೇ ಇದೆ. ಮಾರುವುದುಂಟೇ! ತಲೆದಿಂಬಿನ ಪಕ್ಕ ಇಟ್ಟುಕೊಳ್ಳುತ್ತೇನೆ, ಫುಮಿ ನಗುತ್ತಾಳೆ.

ಅಣ್ಣಾ, ನೀನು ಮತ್ತೆ ಎಸೆಯಲು ಶುರು ಮಾಡಬೇಕು. ಇಗಾರಾಶಿ ಗೆಂಕಿಚಿ ಎಂದರೆ ಊರಿನಲ್ಲಿ ಯಾರು ಮರೆತಿದ್ದಾರೆ? ಮಾಧ್ಯಮಿಕ ಶಾಲೆಯವರನ್ನು ಹೋಗಿ ಕೇಳು, ಹುಡುಗರಿಗೆ ಕಲಿಸಲು ಕಣ್ಣಿಗೊತ್ತಿಕೊಂಡು ಕರೆಯುತ್ತಾರೆ. ಚಳಿಗೆ ಬೆರಳು ಮರಗಟ್ಟಿದ್ದರೆ ಬಿಸಿನೀರಲ್ಲಿ ಅದ್ದಿ ಒಂದೊಂದಾಗಿ ನೀವು. ಒಂದು ತಿಂಗಳಲ್ಲಿ ಮೊದಲಿನ ಹಾಗಾಗುತ್ತದೆ.

ಇನ್ನೊಂದು. ನೀನು ಎಸೆಯುತ್ತಿದ್ದೆಯಲ್ಲ, ನೇರ ಬರುತ್ತ ಬರುತ್ತ ಬ್ಯಾಟಿನ ಹತ್ತಿರ ಥಟ್ಟನೆ ಕೆಳಗೆ ಬೀಳುವ ಚೆಂಡು, ಅದಕ್ಕೆ ಮಧ್ಯದ ಬೆರಳನ್ನು ಹೊಲಿಗೆಯ ಮೇಲೆ ಇಡುತ್ತಿದ್ದೆಯೋ ಪಕ್ಕದಲ್ಲೋ? ಸುಮ್ಮನೆ ಕೇಳುತ್ತಿದ್ದೇನೆ.

ಮಿನೆಕೊ


ಟೋಕಿಯೊ
೧೯೫೦ ಮಾರ್ಚ್ ೧೨

ಅಣ್ಣಾ,

ನನ್ನ ಹೊಸವರ್ಷದ ಪತ್ರ ತಲುಪಲಿಲ್ಲವೇ? ನಾನು ಬರೆದದ್ದರಲ್ಲಿ ಏನಾದರೂ ತಪ್ಪಿತ್ತೇ? ಎಷ್ಟು ಯೋಚಿಸಿದರೂ ತಿಳಿಯುತ್ತಿಲ್ಲ. ಅಮ್ಮನ ಕಾರ್ಡಿನಲ್ಲಿ "ಅಣ್ಣ ಮಾತು ಕಡಿಮೆ" ಎಂದು ಮಾತ್ರ ಇತ್ತು. ನೀನು ಮೊದಲೂ ಹರಟೆಮಲ್ಲನೇನಲ್ಲ, ಆದರೆ ಹೀಗೂ ಇರಲಿಲ್ಲ.

ಮಿನೆಕೊ


ಸಾಕಾತಾ
೧೯೫೦ ಏಪ್ರಿಲ್ ೧೮

ಮಿನೆಕೊ,

ಇಂದು ಕ್ಷೌರದಂಗಡಿಗೆ ಹೋಗಿದ್ದೆ. ನನಗಿಂತ ಮುಂದೆ ಕೂತಿದ್ದವರು ಒಂದು ವಾರಪತ್ರಿಕೆಯನ್ನು ಕೈಯಿಂದ ಕೈಗೆ ದಾಟಿಸುತ್ತ ನಗುತ್ತಿದ್ದರು. ನಾನು ಒಳಗೆ ಬಂದದ್ದೇ ತಡ ನಗು ನಿಂತಿತು. ಮೀನಿನಂಗಡಿಯ ಮುದುಕ ಮಾತ್ರ, "ಗೆಂಕಿಚಿ, ಇದು ನಿಮ್ಮನೇ ಹುಡುಗಿ ಅಲ್ವೇನೋ?" ಎಂದು ನನ್ನ ತೊಡೆಯ ಮೇಲಿಟ್ಟ.

ನೋಡಿದೆ. ಒಂದು ಪುಟದ ತುಂಬ ನೀನು. ಮೊಣಕಾಲ ಮೇಲಿನ ಚಡ್ಡಿ. ಎಡಗಾಲು ಎದೆಯ ತನಕ ಎತ್ತಿದ್ದೀಯೆ. ತುಟಿಗೆ ಬಣ್ಣ. ಕೆಳಗೆ "ಬಿಳಿ ಕೊಕ್ಕರೆ ತಂಡದ ಸುಂದರ ಎಸೆತಗಾರ್ತಿ, ವೃತ್ತಿಪರ ಬೇಸ್‌ಬಾಲಿನ ಹೊಸ ಹೂವು" ಎಂದು ಅಚ್ಚಾಗಿದೆ. ಸಾಬೂನಿನ ಹೆಸರೂ ಇದೆ.

ಕ್ಷೌರ ಮಾಡಿಸದೆ ಎದ್ದು ಬಂದೆ. ನಾಲ್ಕು ವರ್ಷ ಮರ ಕಡಿಯುವ ಶಿಬಿರದಲ್ಲಿದ್ದವನಿಗೆ ಇನ್ನು ಯಾವುದೂ ದಿಗಿಲು ಹುಟ್ಟಿಸದು ಎಂದುಕೊಂಡಿದ್ದೆ. ದಾರಿಯಲ್ಲಿ ಎರಡು ಸಲ ಗೋಡೆ ಹಿಡಿದು ನಿಂತೆ.

ಇದು ನೀನು ತೋರಿಸಬೇಕೆಂದಿದ್ದ ವಸಂತವೇ? ಅಮ್ಮನಿಗೆ ಎಲ್ಲ ಗೊತ್ತಿತ್ತು. ನನ್ನ ಎದುರು ಅವಳೂ ಬಾಯಿ ಬಿಡಲಿಲ್ಲ. ಹೆಣ್ಣುಮಕ್ಕಳು ಜನರೆದುರು ಕಾಲೆತ್ತಿ ಚೆಂಡೆಸೆದು ಸಂಬಳ ಪಡೆಯುವ ದೇಶ ನಾನು ಬಿಟ್ಟು ಹೋದ ದೇಶವಲ್ಲ.

ಸಾಕೆ ಮದ್ಯದ ಭಟ್ಟಿಯವರ ಎರಡನೆಯ ಮಗನಿಗೆ ಹೆಣ್ಣು ನೋಡುತ್ತಿದ್ದಾರೆ. ನಾನು ಮಾತಾಡಿದ್ದೇನೆ. ಈ ತಿಂಗಳೊಳಗೆ ಊರಿಗೆ ಬಾ.

ಗೆಂಕಿಚಿ


ಟೋಕಿಯೊ
೧೯೫೦ ಏಪ್ರಿಲ್ ೨೫

ಅಣ್ಣಾ,

ನಾನು ಬರುವುದಿಲ್ಲ.

ಈ ಮಾತನ್ನು ನಿನಗೆ ಹೇಳುತ್ತೇನೆಂದು ಕನಸಲ್ಲೂ ಎಣಿಸಿರಲಿಲ್ಲ. ಸಿಟ್ಟಿನಿಂದ ಬರೆಯುತ್ತಿಲ್ಲ, ಅಕ್ಷರ ಸೊಟ್ಟಗಿರುವುದಕ್ಕೆ ಬೇರೆ ಕಾರಣ ಇದೆ. ಬೆಳಿಗ್ಗೆಯಿಂದ ಎಸೆದಿದ್ದೇನೆ.

ನಿನ್ನ ಉತ್ತರಕ್ರಿಯೆಯ ದಿನ ಅಮ್ಮ ಅಳಲಿಲ್ಲ. ಬಂದವರಿಗೆಲ್ಲ ಚಹಾ ಕೊಟ್ಟು, ಮಾರನೇ ದಿನ ಅಕ್ಕಿ ಗೋದಾಮಿಗೆ ಹೋಗಿ ಮೂಟೆ ಹೊತ್ತಳು. ಅವಳು ಅಳದಿದ್ದರೆ ನಾನು ಹೇಗೆ ಅಳಲಿ? ನಿನ್ನ ಗ್ಲೌಸು ತೆಗೆದುಕೊಂಡು ಗೋದಾಮಿನ ಹಿಂದೆ ಹೋಗಿ ಗೋಡೆಗೆ ಚೆಂಡು ಎಸೆದೆ. ಎಸೆಯುತ್ತಲೇ ಇದ್ದೆ. ನೀನು ನದಿಯ ದಂಡೆಯಲ್ಲಿ ಚೆಂಡು ಹಿಡಿಯಲು ಬೇರೆ ಯಾರೂ ಸಿಗದೆ ನನ್ನನ್ನು ನಿಲ್ಲಿಸಿಕೊಳ್ಳುತ್ತಿದ್ದೆಯಲ್ಲ, ಆಗ ನೋಡಿದ್ದೆಲ್ಲ ನನಗೇ ತಿಳಿಯದೆ ಮೈಗೆ ಹತ್ತಿತ್ತು. ಚೆಂಡು ಗೋಡೆಗೆ ಬಡಿದು ಹಿಂದೆ ಬಂದಾಗ ಆ ಕಡೆ ನೀನಿದ್ದೀಯೆ ಅನಿಸುತ್ತಿತ್ತು. ಒಂದು ದಿನ ಅಮ್ಮ ಮೂಟೆ ಇಳಿಸಿ ಬಂದು ನೋಡಿ, "ಅವನ ಹಾಗೇ ಎಸೀತೀಯ," ಎಂದಳು. ಆಗ ಅತ್ತಳು. ಆಟಗಾರ್ತಿಯರು ಬೇಕೆಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗ ರೈಲಿಗೆ ಬುತ್ತಿ ಕಟ್ಟಿಕೊಟ್ಟವಳೂ ಅವಳೇ.

ಕಾಲು ಕಾಣುತ್ತದೆ ಎಂದು ಬರೆದಿದ್ದೀಯೆ. ಅಮ್ಮ ಕಿಮೊನೊದ ಅಂಚು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲು ಬಿಟ್ಟು, ಗಂಡಸರ ಕಣ್ಣೆದುರು ಅಕ್ಕಿ ಮೂಟೆ ಹೊರುತ್ತಾಳೆ. ಆ ಕಾಲು ನೋಡಿ ಸಾಕಾತಾದಲ್ಲಿ ಯಾರಾದರೂ ಮರ್ಯಾದೆ ಹೋಯಿತು ಅಂದರೇ? ಬೆನ್ನು ಬಗ್ಗಿಸಿದರೆ ಮರ್ಯಾದೆ, ನೆಟ್ಟಗೆ ನಿಂತು ಎಸೆದರೆ ಅವಮಾನವೇ?

ತುಟಿಯ ಬಣ್ಣ ನನಗೂ ಬೇಡ. ನಮ್ಮ ಮ್ಯಾನೇಜರ್ ನಾಗಾಯಿ ಸಾಹೇಬರು ಪ್ರತಿ ಆಟಕ್ಕೆ ಮೊದಲು ಕನ್ನಡಿ ಹಿಡಿದು ನಿಲ್ಲುತ್ತಾರೆ. "ನಗ್ತಾ ಎಸೀರಮ್ಮ, ನಗ್ತಾ! ಜನ ಬರೋದು ಮುಖ ನೋಡೋಕೆ." ಮೊದಲ ಆಟದಲ್ಲಿ ಜನ ಅದಕ್ಕೇ ಬಂದಿದ್ದರು. "ಏ ಹುಡುಗೀ, ಮನೇಲಿ ಅನ್ನ ಸೀದೋಗ್ತಿದೆ, ಹೋಗ್ ನೋಡು!" ಎಂದು ಒಬ್ಬ ಕೂಗಿದ. ನಾನೆಸೆದ ಚೆಂಡು ಹಿಡಿಯುವ ಕ್ಯಾಚರ್ ನಮ್ಮ ಫುಮಿಯೇ, ಅವಳು ಮುಖವಾಡ ಎತ್ತಿ, "ಸೀದಿರೋದು ನಿಮ್ ಮುಖ, ಅದನ್ ನೋಡ್ಕೊಳ್ಳಿ!" ಎಂದಳು. ಇಡೀ ಮೈದಾನ ನಕ್ಕಿತು. ಆದರೆ ಅಣ್ಣಾ, ಆಟ ಅರ್ಧ ಆಗುವಷ್ಟರಲ್ಲಿ ಯಾರೂ ನಗುತ್ತಿರಲಿಲ್ಲ. ಯಾರೂ ಕೂಗುತ್ತಿರಲಿಲ್ಲ. ಎಲ್ಲರೂ ಚೆಂಡು ನೋಡುತ್ತಿದ್ದರು. ಅಷ್ಟು ಜನ ಉಸಿರು ಬಿಗಿಹಿಡಿದು ನಾನು ಮುಂದೆ ಏನು ಮಾಡುತ್ತೇನೆಂದು ಕಾಯುತ್ತಿದ್ದರು. ಆ ನಿಶ್ಶಬ್ದ ನಿನಗೆ ಗೊತ್ತಿರಬೇಕು. ನೀನೂ ಎಸೆದವನು. ಇನ್ನೊಬ್ಬರು ಯಾರು ಬೈದರೂ ಸಹಿಸಿಕೊಳ್ಳುತ್ತಿದ್ದೆ, ನೀನು ಅರ್ಥ ಮಾಡಿಕೊಳ್ಳಲಿಲ್ಲವಲ್ಲ ಎಂಬುದೇ ನನ್ನನ್ನು ಕೊಲ್ಲುತ್ತಿದೆ.

ಮಿನೆಕೊ


ಸಾಕಾತಾ
೧೯೫೦ ಮೇ ೯

ಮಿನೆಕೊ,

ಭಟ್ಟಿಯವರಿಗೆ ಬೇಡವೆಂದು ಹೇಳಿ ಕಳಿಸಿದೆ. ನಿನ್ನಿಷ್ಟ. ಇನ್ನು ಈ ವಿಷಯ ನನಗೆ ಬರೆಯಬೇಡ.

ಗೆಂಕಿಚಿ


ಟೋಕಿಯೊ
೧೯೫೦ ಜುಲೈ ೧೧

ಅಣ್ಣಾ,

ಬರೆಯಬೇಡ ಅಂದಿದ್ದೆ. ಆದರೂ ಇದನ್ನು ಬರೆಯದಿದ್ದರೆ ನಾನು ಮನುಷ್ಯಳೇ ಅಲ್ಲ.

ಆಗಸ್ಟಿನಲ್ಲಿ ನಮ್ಮ ತಂಡ ಉತ್ತರದ ಊರುಗಳಿಗೆ ಹೊರಡುತ್ತಿದೆ. ಪಟ್ಟಿಯಲ್ಲಿ ಸಾಕಾತಾ ಇದೆ! ಆಡುವುದು ಊರಿನ ಹಳೆಯ ವಿದ್ಯಾರ್ಥಿಗಳ ತಂಡದ ವಿರುದ್ಧ, ಗಂಡಸರ ಜೊತೆ. ನಾಯಕ ಯಾರು ಗೊತ್ತೇ, ನಿನ್ನ ಜೊತೆ ಆಡುತ್ತಿದ್ದ ಒನೊದೆರಾ.

ಅಣ್ಣಾ, ಅವರ ಕಡೆಯಿಂದ ನೀನು ಎಸೆ. ಈ ಕಡೆಯಿಂದ ನಾನು. ಸಿಟ್ಟಿದ್ದರೆ ಎಲ್ಲ ಚೆಂಡಿಗೆ ಹಾಕು. ನನ್ನನ್ನು ನಗೆಪಾಟಲು ಮಾಡಿ ಕಳಿಸು, ಪರವಾಗಿಲ್ಲ. ನೀನು ಮತ್ತೆ ಚೆಂಡೆಸೆಯುವ ಆ ದಿಬ್ಬದ ಮೇಲೆ ನಿಂತದ್ದನ್ನು ನೋಡಿದರೆ ಸಾಕು. ಅಮ್ಮನೂ ನೋಡಲಿ.

ಮಿನೆಕೊ


ಸಾಕಾತಾ
೧೯೫೦ ಜುಲೈ ೨೦

ಮಿನೆಕೊ,

ನಾನು ಆಡುವುದಿಲ್ಲ. ನೋಡಲೂ ಬರುವುದಿಲ್ಲ. ಅಮ್ಮ ಬರುತ್ತಾಳೆ.

ಗೆಂಕಿಚಿ


ಆಕಿತಾ
೧೯೫೦ ಆಗಸ್ಟ್ ೧೧

ಅಣ್ಣಾ,

ನೀನು ಎಲ್ಲಿಗೆ ಹೋದೆ? ಆಟ ಮುಗಿದ ಮೇಲೆ ಮನೆಗೆ ಓಡಿ ಬಂದೆ, ನೀನಿರಲಿಲ್ಲ. ಬಂದರಿನ ಕಡೆ ಹುಡುಕಿದೆ. ರೈಲಿನ ಹೊತ್ತಾಯಿತೆಂದು ಫುಮಿ ಬಂದು ಎಳೆದುಕೊಂಡು ಹೋದಳು. ಈಗ ಆಕಿತಾದ ಛತ್ರದಲ್ಲಿ ಕೂತು ಬರೆಯುತ್ತಿದ್ದೇನೆ. ನೀನು ಅಲ್ಲೇ ಇದ್ದೆ, ನಡೆದದ್ದು ನಿನಗೆ ಗೊತ್ತು. ಆದರೆ ದಿಬ್ಬದ ಮೇಲಿಂದ ನನಗೆ ಕಂಡದ್ದು ನಿನಗೆ ಗೊತ್ತಿಲ್ಲ.

ನೀನು ಬರುವುದಿಲ್ಲ ಅಂದಿದ್ದರಿಂದ ನಾನು ಜನರ ಕಡೆ ನೋಡಿರಲೇ ಇಲ್ಲ. ಒನೊದೆರಾನ ತಂಡದವರು ಮೊದಲು ಒಂದು ಕೈಯಲ್ಲಿ ಬ್ಯಾಟು ಹಿಡಿದು ಕುಣಿದಾಡಿದರು, ಒಬ್ಬ ಪೊರಕೆ ತಂದ. ಆಮೇಲೆ ಒಬ್ಬರಾದ ಮೇಲೊಬ್ಬರು ಔಟಾದಾಗ ಪೊರಕೆ ಎಲ್ಲಿಗೆ ಹೋಯಿತೋ. ಕೊನೆಯ ಸರದಿಗೆ ಒನೊದೆರಾ ಜನರ ಕಡೆ ತಿರುಗಿ ಕೂಗಿದ: "ಗೆಂಕಿಚಿ! ಮರದ ಹಿಂದೆ ಏನ್ ಬಚ್ಚಿಟ್ಕೊಂಡಿದೀಯ? ನಿನ್ ತಂಗಿ ನಮ್ಮ ಮಾನ ತೆಗೀತಿದಾಳೆ, ನೀನೇ ಬಂದು ಒಂದ್ ಹೊಡಿ!" ಎಲ್ಲರೂ ನಕ್ಕರು. ಆಮೇಲೆ ನೀನು ಮರದ ನೆರಳಿನಿಂದ ನಿಜವಾಗಿ ಎದ್ದು ಬಂದೆ.

ನಾನು ಹಿಗ್ಗಿಹೋದೆ ಅಣ್ಣಾ. ಬಂದನಲ್ಲ, ಕೊನೆಗೂ ಬಂದನಲ್ಲ ಎಂದು. ನೀನು ಜೇಬಿನಿಂದ ಬಲಗೈ ತೆಗೆದು ಬ್ಯಾಟು ಹಿಡಿದೆ. ಹಿಡಿತ ಏನೋ ವಿಚಿತ್ರವಾಗಿ ಕಂಡಿತು. ಬಿಸಿಲು ಕಣ್ಣಿಗೆ ಬೀಳುತ್ತಿದೆ ಎಂದುಕೊಂಡು ಟೋಪಿ ಸರಿಮಾಡಿ ಮತ್ತೆ ನೋಡಿದೆ.

ಹೆಬ್ಬೆರಳು ಇತ್ತು. ಕಿರುಬೆರಳು ಇತ್ತು. ನಡುವೆ ಏನೂ ಇರಲಿಲ್ಲ.

ಆಗ ನನಗೆ ಏನಾಯಿತು ಎಂದು ಹೇಳಲು ಬರುವುದಿಲ್ಲ. ಸದ್ದೆಲ್ಲ ನಿಂತುಹೋಯಿತು. ಫುಮಿ ಮುಖವಾಡದ ಒಳಗಿಂದ ಏನೋ ಕೂಗುತ್ತಿದ್ದಳು, ತುಟಿ ಆಡುವುದು ಮಾತ್ರ ಕಾಣುತ್ತಿತ್ತು. ನಾನು ಬರೆದದ್ದೆಲ್ಲ ಸಾಲು ಸಾಲಾಗಿ ನೆನಪಾಯಿತು. ಬೆರಳನ್ನು ಒಂದೊಂದಾಗಿ ನೀವು ಅಂದಿದ್ದೆ. ಮಧ್ಯದ ಬೆರಳು ಎಲ್ಲಿಡುತ್ತಿದ್ದೆ ಎಂದು ಕೇಳಿದ್ದೆ. ಸಿಟ್ಟಿದ್ದರೆ ಚೆಂಡಿಗೆ ಹಾಕು ಎಂದಿದ್ದೆ. ದೇವರೇ.

ಅಂಪೈರ್ "ಎಸೀರಿ" ಅಂದರು. ಎಸೆದೆ. ಎಂಥ ಚೆಂಡು ಎಸೆದೆ ಎಂದು ನಿನಗೇ ಗೊತ್ತು. ನೀನು ಬ್ಯಾಟು ಅಲ್ಲಾಡಿಸಲಿಲ್ಲ, ನನ್ನನ್ನೇ ನೋಡುತ್ತಿದ್ದೆ. ಎರಡನೆಯದೂ ಹಾಗೇ ಎಸೆದೆ. ನೀನು ಬ್ಯಾಟನ್ನು ನೆಲದ ಮೇಲೆ ಮೆಲ್ಲಗೆ ಇಟ್ಟು, ನನಗೆ ತಲೆ ಬಾಗಿಸಿ, ಹೊರಟುಹೋದೆ. ಜನ ಚಪ್ಪಾಳೆ ತಟ್ಟಿದರು. ತಮಾಷೆ ಎಂದುಕೊಂಡರು.

ಅಮ್ಮನನ್ನು ಕೇಳಿದರೆ, "ಹೇಳಬೇಡ ಅಂದಿದ್ದ, ನಾನೇನ್ ಮಾಡ್ಲಿ," ಎಂದಳು. ನೀವಿಬ್ಬರೂ ಸೇರಿ ನನ್ನನ್ನು ಎಂಥ ಕೆಲಸ ಮಾಡಲು ಬಿಟ್ಟಿರಿ! ಯಾಕೆ ಹೇಳಲಿಲ್ಲ ಅಣ್ಣಾ?

ಮಿನೆಕೊ


ಸಾಕಾತಾ
೧೯೫೦ ಸೆಪ್ಟೆಂಬರ್ ೨

ಮಿನೆಕೊ,

ಹೇಳಬೇಕಾದ್ದನ್ನು ಹೇಳುತ್ತೇನೆ. ಎರಡನೆಯ ಚಳಿಗಾಲ. ಮರ ಬೀಳುವ ಹೊತ್ತಿಗೆ ಹಗ್ಗ ಕೈಗೆ ಸುತ್ತಿಕೊಂಡಿತು. ಬಿಡಿಸಿಕೊಂಡೆ, ಆದರೆ ಕೈಗವಸು ಹರಿದಿತ್ತು. ಉಳಿದದ್ದನ್ನು ಚಳಿ ಮಾಡಿತು. ಜೊತೆಯಲ್ಲಿದ್ದ ಒಬ್ಬ ವೈದ್ಯ ಮೂರು ಬೆರಳನ್ನು ಕತ್ತರಿಸಿ ಪ್ರಾಣ ಉಳಿಸಿದ. ಹಡಗಿನಲ್ಲಿ ಎಡಗೈಯಲ್ಲಿ ಬರೆಯಲು ಕಲಿತೆ. ನಿನಗೆ ಬರೆದದ್ದೆಲ್ಲ ಎಡಗೈಯದು.

ಹೇಳದೇ ಇದ್ದದ್ದು ಏಕೆಂದು ಕೇಳಿದ್ದೀಯೆ. ನಿನ್ನ ಮೊದಲ ಪತ್ರದಲ್ಲಿ ಅಷ್ಟು ಸಂತೋಷವಿತ್ತು. ಪೂರ್ತಿ ಅಣ್ಣ ಬಂದ ಎಂದು ನೀನು ನಂಬಿದ್ದೆ. ಸ್ವಲ್ಪ ದಿನ ಹಾಗೇ ಇರಲಿ ಎನಿಸಿತು. ಆಮೇಲೆ ಹೇಳುವ ಹೊತ್ತು ತಪ್ಪಿಹೋಯಿತು.

ಕ್ಷೌರದಂಗಡಿಯಲ್ಲಿ ನಾನು ಎದ್ದು ಬಂದದ್ದು ನಿನ್ನ ಕಾಲು ನೋಡಿ ಅಲ್ಲ. ಹಾಗೆಂದು ನಿನಗೂ ಬರೆದೆ, ನನಗೂ ಹೇಳಿಕೊಂಡೆ. ಆ ಚಿತ್ರದಲ್ಲಿ ನೀನು ಚೆಂಡು ಹಿಡಿದ ಕೈ ನೋಡಿದೆ. ಆ ಮಣಿಕಟ್ಟು, ಭುಜ ಹಿಂದೆ ಹೋದ ರೀತಿ, ಎಲ್ಲ ನನ್ನದು. ಐದು ಬೆರಳೂ ಇದ್ದ ನನ್ನ ಕೈ ಪತ್ರಿಕೆಯ ಪುಟದಲ್ಲಿ ಬೇರೆ ಒಬ್ಬರ ಮೈಗೆ ಅಂಟಿಕೊಂಡಿತ್ತು. ಅದನ್ನು ನೋಡಿ ತಡೆಯಲಾಗಲಿಲ್ಲ.

ಈಗ ಮೈದಾನದ ವಿಷಯ. ಒನೊದೆರಾ ಕರೆದನೆಂದು ನಾನು ಬರಲಿಲ್ಲ. ಮರದ ಹಿಂದೆ ಕೂತು ನಿನ್ನ ಆಟವನ್ನೆಲ್ಲ ನೋಡಿದ್ದೆ. ಆ ಗಂಡಸರು ಯಾರಿಗೂ ತಾವು ಎದುರಿಸುತ್ತಿರುವುದು ಏನೆಂದು ತಿಳಿದಿರಲಿಲ್ಲ. ನನಗೆ ತಿಳಿಯಿತು. ಒಮ್ಮೆ ಹತ್ತಿರದಿಂದ ನೋಡಬೇಕು ಎನಿಸಿತು. ಅದಕ್ಕೆ ಬಂದೆ, ಎಲ್ಲರೆದುರು ಕೈ ತೋರಿಸಿಕೊಂಡು ಬಂದೆ. ನೀನು ನನಗೆ ಮಗುವಿಗೆ ಎಸೆಯುವ ಚೆಂಡು ಎಸೆದೆ. ಶಿಬಿರದ ಕಾವಲುಗಾರರು ನನ್ನನ್ನು ಹೊಡೆದಿದ್ದಾರೆ, ಆದರೆ ಕನಿಕರ ತೋರಿಸಲಿಲ್ಲ. ನನ್ನ ಬೆರಳು ಹೋಗಿವೆ, ಕಣ್ಣು ಹೋಗಿಲ್ಲ.

ಕೆಳಗೆ ಬೀಳುವ ಚೆಂಡು ಎಸೆಯುವ ಮುಂಚೆ ನಿನ್ನ ಮೊಣಕೈ ಸ್ವಲ್ಪ ಒಳಗೆ ಬರುತ್ತದೆ. ಟೋಕಿಯೊದಲ್ಲಿ ಬುದ್ಧಿ ಇರುವ ಯಾರಾದರೂ ಇಷ್ಟರಲ್ಲೇ ಅದನ್ನು ಕಂಡುಹಿಡಿದು ನಿನ್ನನ್ನು ಚಚ್ಚುತ್ತಾರೆ. ಸರಿಮಾಡಿಕೊ. ಮಧ್ಯದ ಬೆರಳು ಹೊಲಿಗೆಯ ಮೇಲೆ ಅಲ್ಲ, ಪಕ್ಕದಲ್ಲಿ.

ಅಣ್ಣ


ಟೋಕಿಯೊ
೧೯೫೦ ಸೆಪ್ಟೆಂಬರ್ ೨೯

ಅಣ್ಣಾ,

ನಿನ್ನ ಪತ್ರ ಓದಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಒಳ್ಳೆಯದೇ ಮಾಡುತ್ತಿದ್ದೇನೆ ಎಂದುಕೊಂಡೇ ಆ ಚೆಂಡು ಎಸೆದಿದ್ದೆ.

ಮೊಣಕೈ ಸರಿಮಾಡುತ್ತಿದ್ದೇನೆ. ಫುಮಿ ದಿನಾ ಕೋಲು ಹಿಡಿದು ಪಕ್ಕದಲ್ಲಿ ನಿಲ್ಲುತ್ತಾಳೆ, ಒಳಗೆ ಬಂದರೆ ಬಡಿಯುತ್ತಾಳೆ. "ನಿಮ್ಮಣ್ಣ ಮರದ್ ಹಿಂದಿಂದ ಇಷ್ಟೆಲ್ಲ ನೋಡಿದ್ರಾ? ನಾನು ಎದುರಿಗೇ ಕೂತ್ಕೊಂಡು ವರ್ಷದಿಂದ ನೋಡ್ತಿದೀನಿ, ನಂಗೆ ಕಾಣ್ಲಿಲ್ವಲ್ಲೇ!" ಎನ್ನುತ್ತಾಳೆ. ಮೊನ್ನೆಯ ಆಟದಲ್ಲಿ ಎದುರು ತಂಡದವರು ನನ್ನ ಮೊಣಕೈಯನ್ನೇ ನೋಡುತ್ತ ಕಾಯುತ್ತಿದ್ದರು. ನೀನು ಹೇಳಿದ್ದು ನಿಜ, ಅವರು ಕಂಡುಹಿಡಿದಿದ್ದರು. ಆದರೆ ಅವರು ಕಾಯುತ್ತಿದ್ದದ್ದು ಬರಲಿಲ್ಲ. ಅವರ ಮುಖ ನೀನು ನೋಡಬೇಕಿತ್ತು.

ಹೊಸ ವರ್ಷಕ್ಕೆ ಊರಿಗೆ ಬರುತ್ತೇನೆ. ಬರಬೇಡ ಅಂದರೂ ಬರುತ್ತೇನೆ.

ಮಿನೆಕೊ


ಟೋಕಿಯೊ
೧೯೫೨ ಫೆಬ್ರವರಿ ೨೪

ಅಣ್ಣಾ,

ಕಳೆದ ವರ್ಷವೆಲ್ಲ ಆಟದ ಅಂಕ, ಮೊಣಕೈ, ಮಣಿಕಟ್ಟು ಎಂದೇ ನಿನಗೆ ಬರೆದೆ. ಉಳಿದದ್ದನ್ನು ಬಚ್ಚಿಟ್ಟೆ. ಜನ ಬರುವುದು ಕಡಿಮೆಯಾಗುತ್ತ ಬಂದಿತ್ತು. ಒಂದೊಂದೇ ತಂಡ ಮುಚ್ಚುತ್ತಿತ್ತು. ನಿನಗೆ ಶಾಲೆಯಲ್ಲಿ ಆಟ ಕಲಿಸುವ ಹೊಸ ಕೆಲಸ ಸಿಕ್ಕ ಹೊತ್ತು, ಹುಡುಗರ ವಿಷಯ ಅಷ್ಟು ಉತ್ಸಾಹದಿಂದ ಬರೆಯುತ್ತಿದ್ದೆ. ಹಾಳು ಮಾಡಲು ಮನಸ್ಸಾಗಲಿಲ್ಲ.

ಹೋದ ವಾರ ನಮ್ಮನ್ನೆಲ್ಲ ಸಾಲಾಗಿ ಕೂರಿಸಿದರು. ನಾಗಾಯಿ ಸಾಹೇಬರು ಇರಲಿಲ್ಲ. ಕಂಪನಿಯ ಆಡಳಿತದ ಕಡೆಯ ಒಬ್ಬರು, ಹೆಸರೂ ಹೇಳಲಿಲ್ಲ, ನಿಂತುಕೊಂಡೇ ಮಾತಾಡಿದರು. "ಈ ವರ್ಷದಿಂದ ವೃತ್ತಿಪರ ಆಟ ಇಲ್ಲ. ಇಷ್ಟ ಇರೋರು ಪ್ಯಾಕಿಂಗ್ ವಿಭಾಗಕ್ಕೆ ಬರಬಹುದು. ಯಾರಾದ್ರೂ ಕೇಳಿದ್ರೆ, ಕಂಪನಿ ಹುಡುಗೀರು, ಕೆಲಸ ಮುಗಿದ್ಮೇಲೆ ಸುಮ್ನೆ ಆಡ್ತಿದ್ವಿ ಅನ್ನಿ. ವೃತ್ತಿಪರ ಅನ್ನೋ ಮಾತು ಕಂಪನಿಗೂ ಒಳ್ಳೇದಲ್ಲ, ನಾಳೆ ನಿಮ್ಮ ಮದುವೇಗೂ ಒಳ್ಳೇದಲ್ಲ." ಫುಮಿ ಎದ್ದು, "ನಮ್ಮ ಅಂಕದ ಪುಸ್ತಕಗಳು ಎಲ್ಲಿವೆ? ಅವನ್ನಾದ್ರೂ ನಮಗ್ ಕೊಡಿ," ಎಂದಳು. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಆ ಹಳೇ ಕಾಗದಾನಾ? ಮೊನ್ನೆ ಹಾಸ್ಟೆಲಿನ ಸ್ನಾನದ ಒಲೆಗೆ ಹಾಕ್ಸಿದ್ವಲ್ಲ."

ಅಣ್ಣಾ, ಅವತ್ತು ನಾವೆಲ್ಲ ಸ್ನಾನ ಮಾಡಿದ್ದೆವು. ನೀರು ಇವತ್ತು ಚೆನ್ನಾಗಿ ಕಾದಿದೆ ಎಂದು ಮೆಚ್ಚಿಕೊಂಡಿದ್ದೆವು. ಕುತ್ತಿಗೆಯವರೆಗೆ ಮುಳುಗಿ ಹಾಡು ಹೇಳಿದ್ದೆವು. ನಾವು ಎಸೆದದ್ದು, ಹೊಡೆದದ್ದು, ಓಡಿದ್ದು ಎಲ್ಲ ನಮ್ಮ ಕೆಳಗೇ ಉರಿಯುತ್ತಿತ್ತು.

ನಾನು ಆಗಿನಿಂದ ಅತ್ತಿಲ್ಲ, ಸಿಟ್ಟೂ ಬರುತ್ತಿಲ್ಲ. ತಲೆಗೆ ಪೆಟ್ಟು ಬಿದ್ದವಳ ಹಾಗೆ ಓಡಾಡುತ್ತಿದ್ದೇನೆ. ಪ್ಯಾಕಿಂಗ್ ವಿಭಾಗದಲ್ಲಿ ಹೊಸದಾಗಿ ಬಂದ ಹುಡುಗಿ ನನ್ನ ಅಂಗೈ ನೋಡಿ, "ಅಕ್ಕಾ, ಇದೇನು ಇಷ್ಟ್ ಗಟ್ಟಿ?" ಎಂದಳು. "ಬೇಸ್‌ಬಾಲ್ ಆಡ್ತಿದ್ದೆ, ಸಂಬಳಕ್ಕೆ," ಎಂದೆ. ಅವಳು ಬಾಯಿ ಮುಚ್ಚಿಕೊಂಡು ನಕ್ಕಳು. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಳು. ನಾನೂ ನಕ್ಕುಬಿಟ್ಟೆ. ಆಮೇಲೆ ಗಾಬರಿಯಾಯಿತು. ಇನ್ನು ಹತ್ತು ವರ್ಷ ಕಳೆದರೆ ನಾನೇ ಇದನ್ನು ನಂಬುತ್ತೇನೆಯೇ?

ಮಿನೆಕೊ


ಸಾಕಾತಾ
೧೯೫೨ ಮಾರ್ಚ್ ೧

ಮಿನೆಕೊ,

ನಿನ್ನ ಪತ್ರವನ್ನು ಶಾಲೆಯ ಮೈದಾನದಲ್ಲಿ ನಿಂತು ಓದಿದೆ. ಹುಡುಗರಿಗೆ ಅವತ್ತು ಏನೂ ಕಲಿಸಲಾಗಲಿಲ್ಲ. ಓಡಿ ಎಂದು ಹೇಳಿ ಕ್ಷೌರದಂಗಡಿಯ ಕಡೆ ನಡೆದೆ, ಯಾಕೋ ಗೊತ್ತಿಲ್ಲ, ನಿನ್ನ ಚಿತ್ರವಿದ್ದ ಆ ಪತ್ರಿಕೆ ಅಲ್ಲಿ ಇದೆಯೇ ಎಂದು ಕೇಳಿದೆ. ಎಂದೋ ಸುಟ್ಟರಂತೆ.

ನಿನಗೊಂದು ವಿಷಯ ಹೇಳಿರಲಿಲ್ಲ. ನಾನು ಬಂದ ಮರುದಿನ ಪಡಿತರಕ್ಕೆ ಹೆಸರು ಸೇರಿಸಲು ಪಟ್ಟಣದ ಕಚೇರಿಗೆ ಹೋಗಿದ್ದೆ. ಗುಮಾಸ್ತ ಪುಸ್ತಕ ತಿರುವಿ, "ಇಗಾರಾಶಿ ಗೆಂಕಿಚಿ ಸತ್ತಿದಾರೆ," ಎಂದ. ನಾನೇ ಅವನು ಎಂದೆ. "ಇರಬಹುದು. ಆದ್ರೆ ಇದರಲ್ಲಿ ಸತ್ತಿದೀರಿ," ಎಂದ. ಒಳ್ಳೆಯವನೇ, ಕೂರಲು ಕುರ್ಚಿ ಕೊಟ್ಟ. ನಾನು ಅವನ ಎದುರು ಉಸಿರಾಡುತ್ತ ಕೂತೆ. ಅದು ಸಾಕಾಗಲಿಲ್ಲ. "ನಿಮ್ಮನ್ನ ಗುರುತು ಹಿಡಿಯೋರು ಯಾರಾದ್ರೂ ಬಂದು ಹೇಳ್ಬೇಕು, ಅವಾಗ ತಿದ್ದೋಕಾಗುತ್ತೆ," ಎಂದ. ಅಮ್ಮ ಗೋದಾಮಿನಿಂದ ಬಂದಳು, ಬೆನ್ನ ಮೇಲೆ ಇನ್ನೂ ಮೂಟೆಯ ಹುಲ್ಲು ಅಂಟಿತ್ತು. ಮೇಜಿನ ಮೇಲೆ ಕೈ ಊರಿ, "ಇವನು ನನ್ನ ಮಗ. ಬದುಕಿದಾನೆ. ಬರ್ಕೊಳ್ಳಿ," ಎಂದಳು. ಅವನು ಬರೆದುಕೊಂಡ. ನಾನು ಬದುಕಿದೆ.

ಹೋದ ವರ್ಷ ಹೊಸ ವರ್ಷಕ್ಕೆ ನೀನು ಬಂದಾಗ ನದಿಯ ದಂಡೆಯಲ್ಲಿ ನಡೆದದ್ದರ ಬಗ್ಗೆ ನಾವಿಬ್ಬರೂ ಇದುವರೆಗೆ ಮಾತಾಡಿಲ್ಲ. ಈಗ ನಾನು ಹೇಳುತ್ತೇನೆ, ಏಕೆಂದರೆ ಬರೆದಿಟ್ಟದ್ದು ಬೇರೆ ಏನೂ ಉಳಿದಿಲ್ಲ.

ಹಿಮ ಸರಿಸಿ ಜಾಗ ಮಾಡಿದ್ದೆವು. ಅಮ್ಮ ಹಿಂದೆ ಹುಲ್ಲಿನ ಮೂಟೆ ನಿಲ್ಲಿಸಿದಳು. ನಾನು ಎರಡು ಬೆರಳಿನ ಕೈಯನ್ನು ಬಟ್ಟೆಯಿಂದ ಬ್ಯಾಟಿಗೆ ಕಟ್ಟಿಕೊಂಡೆ. ನೀನು ಈ ಸಲ ನನ್ನ ಕೈ ನೋಡಲಿಲ್ಲ. ಮೊದಲ ಚೆಂಡು ನನ್ನ ಎದೆಯ ಹತ್ತಿರ ಹಾದುಹೋಯಿತು, ನಾನು ಬೀಸುವಷ್ಟರಲ್ಲಿ ಮೂಟೆ ಸೇರಿತ್ತು. ಎರಡನೆಯದು ಕೆಳಗೆ ಬೀಳುವುದು. ಬೀಳುತ್ತದೆಂದು ಗೊತ್ತಿತ್ತು, ಬೀಳುವ ಜಾಗವೂ ಗೊತ್ತಿತ್ತು, ನಾನೇ ಕಲಿಸಿದ್ದು. ಆದರೂ ತಪ್ಪಿತು. ಮೂರನೆಯದು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಬಂತು, ಇಲ್ಲೇ ಇತ್ತು, ಇರಲಿಲ್ಲ. ಅಂಥ ಚೆಂಡನ್ನು ನಾನು ಎಂದೂ ಎಸೆದಿಲ್ಲ, ಬೇರೆ ಯಾರೂ ಎಸೆದದ್ದನ್ನು ನೋಡಿಲ್ಲ. ಅದು ನಿನ್ನದು. ನಾನು ಕುಸಿದು ಕೂತೆ. ಅಮ್ಮ ಕಾಲು ಜಾರಿತೆಂದುಕೊಂಡಳು.

ಪ್ಯಾಕಿಂಗ್ ವಿಭಾಗದ ಆ ಹುಡುಗಿಗೆ ಹೇಳು. ನಂಬದಿದ್ದರೆ ನನ್ನ ವಿಳಾಸ ಕೊಡು. ಆ ಆಡಳಿತದ ಮನುಷ್ಯನಿಗೂ ಕೊಡು. ಇಗಾರಾಶಿ ಮಿನೆಕೊ ವೃತ್ತಿಪರ ಬೇಸ್‌ಬಾಲ್ ಆಟಗಾರ್ತಿ. ಅವಳ ಎದುರು ನಿಂತು ಮೂರು ಸಲ ಬ್ಯಾಟು ಬೀಸಿ ಮೂರು ಸಲವೂ ಬರೀ ಗಾಳಿಗೆ ಹೊಡೆದವನು ನಾನು. ಎಲ್ಲಿಗೆ ಕರೆದರೂ ಬಂದು ಮೇಜಿನ ಮೇಲೆ ಈ ಕೈ ಊರಿ ಹೇಳುತ್ತೇನೆ, ಬರೆದುಕೊಳ್ಳಿ ಎಂದು.

ಗೆಂಕಿಚಿ